ಸೌಂಡು ಒಡೆಯುವುದಕ್ಕೂ ಒಂದು ಬೆಲೆ

ಊರಹಬ್ಬಕ್ಕೋ ಮದುವೆಗೋ ಮೈಕ್‌ಸೆಟ್ ಕಟ್ಟುವವರು ಆಂಪ್ಲಿಫೈಯರನ್ನು ಅಳೆಯುವುದು ಒಂದೇ ಮಾತಿನಲ್ಲಿ: ಸೌಂಡು ಒಡೆಯಬಾರದು. ಜಂಗಮಕೋಟೆಯಾಗಲಿ ಶಿಡ್ಲಘಟ್ಟವಾಗಲಿ, ಹಾರ್ನ್ ಏರಿಸಿ, ವೈರ್ ಎಳೆದು, 'ಹಲೋ, ಮೈಕ್ ಟೆಸ್ಟಿಂಗ್' ಅಂದಾಗ ದನಿ ಕರಕರ ಅಂದರೆ ಆ ಪೆಟ್ಟಿಗೆಗೆ ಬೈಗುಳ ಗ್ಯಾರಂಟಿ. ಎಲೆಕ್ಟ್ರಿಕ್ ಗಿಟಾರಿನ ಲೋಕದಲ್ಲಿ ಈ ನ್ಯಾಯ ತಲೆಕೆಳಗು. ಅಲ್ಲಿ ಆಂಪ್ಲಿಫೈಯರ್ ಕೊಳ್ಳುವುದೇ ಅದು ಒಡೆಯುವ ಚೆಂದಕ್ಕೆ. ಎಷ್ಟು ವಾಲ್ಯೂಮಿಗೆ ಒಡೆಯಲು ಶುರುವಾಗುತ್ತದೆ, ಒಡೆದಾಗ ಕಿವಿಗೆ ಚುಚ್ಚುತ್ತದೋ ಇಲ್ಲವೋ, ತಂತಿಯ ಮೇಲೆ ಬೆರಳು ಹಗುರಾದ ಕೂಡಲೇ ದನಿ ಮತ್ತೆ ತಿಳಿಯಾಗುತ್ತದೋ ಇಲ್ಲವೋ, ಇವೇ ಅಲ್ಲಿನ ಪರೀಕ್ಷೆಗಳು. ಈ ಪರೀಕ್ಷೆಯಲ್ಲಿ ಹೆಸರು ಮಾಡಿದ ಕೆಲವು ಪೆಟ್ಟಿಗೆಗಳು ಒಂದು ಲಕ್ಷ ಡಾಲರ್ ದಾಟಿ ಕೈಬದಲಾಗಿವೆ. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕೋಟಿ ರೂಪಾಯಿಗೂ ಮೇಲೆ. ಒಳಗಿರುವುದು ಒಂದಷ್ಟು ರೆಸಿಸ್ಟರ್, ಕೆಪಾಸಿಟರ್, ಎರಡು ಮೂರು ಟ್ರಾನ್ಸ್‌ಫಾರ್ಮರ್, ಆರೇಳು ಗಾಜಿನ ವಾಲ್ವ್.

ಆ ಬೆಲೆಯ ಪೆಟ್ಟಿಗೆಗಳಲ್ಲಿ ಮೊದಲ ಹೆಸರು ಡಂಬಲ್. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಬೆಳೆದ ಅಲೆಕ್ಸಾಂಡರ್ ಡಂಬಲ್ 1960ರ ದಶಕದಿಂದ 2022ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಮಾಡಿದ್ದು ಇದೊಂದೇ ಕೆಲಸ. ಕಾರ್ಖಾನೆ ಇರಲಿಲ್ಲ. ಯಾರಿಗೆ ಮಾಡಿಕೊಡಬೇಕು ಎನ್ನುವುದನ್ನು ತಾನೇ ಆರಿಸುತ್ತಿದ್ದ. ಇಡೀ ಜೀವಮಾನದಲ್ಲಿ ಅವನ ಕೈಯಿಂದ ಹೊರಬಿದ್ದ ಆಂಪ್ಲಿಫೈಯರ್‌ಗಳು ಸುಮಾರು 300 ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ರಾಬೆನ್ ಫೋರ್ಡ್, ಲ್ಯಾರಿ ಕಾರ್ಲ್ಟನ್, ಕಾರ್ಲೋಸ್ ಸಂಟಾನಾ, ಜಾಕ್ಸನ್ ಬ್ರೌನ್, ಸ್ಟೀವಿ ರೇ ವಾನ್, ಜಾನ್ ಮೇಯರ್ ಇವರೆಲ್ಲ ಅವನ್ನು ನುಡಿಸಿದ ವಾದಕರು. ವಾನ್‌ನ 1983ರ ಮೊದಲ ಆಲ್ಬಂ 'ಟೆಕ್ಸಸ್ ಫ್ಲಡ್' ರೆಕಾರ್ಡ್ ಆದದ್ದು ಜಾಕ್ಸನ್ ಬ್ರೌನ್‌ನ ಲಾಸ್ ಏಂಜಲೀಸ್ ಸ್ಟುಡಿಯೋದಲ್ಲಿ. ಅಲ್ಲಿ ಬ್ರೌನ್‌ಗೆ ಸೇರಿದ ಒಂದು ಡಂಬಲ್ ಇತ್ತು. ಅದನ್ನು ನುಡಿಸಿ ನೋಡಿದ ವಾನ್ ಆಮೇಲೆ ತನಗೂ ಬೇಕೆಂದು ಮಾಡಿಸಿಕೊಂಡ.

ಒಳಗೆ ಏನು ನಡೆಯುತ್ತದೆ ಎಂದು ತಿಳಿಯದೆ ಈ ಬೆಲೆಯ ತಲೆಬುಡ ಅರ್ಥವಾಗುವುದಿಲ್ಲ. ಹಳೆಯ ಮರ್ಫಿ ರೇಡಿಯೊ ಕಂಡವರಿಗೆ ವಾಲ್ವ್ ಗೊತ್ತು. ಸ್ವಿಚ್ ಹಾಕಿದ ಮೇಲೆ ಕೆಂಪಗೆ ಬಿಸಿಯಾಗುವ ತನಕ ರೇಡಿಯೊ ತುಟಿ ಬಿಚ್ಚುತ್ತಿರಲಿಲ್ಲ. ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಪ್ಲೇಟ್ ಕಡೆಗೆ ಓಡುತ್ತವೆ. ನಡುವೆ ಗ್ರಿಡ್ ಎಂಬ ಜಾಲರಿ. ಜಾಲರಿಯ ಮೇಲಿನ ವೋಲ್ಟೇಜ್ ಒಂದಿಷ್ಟು ಅಲುಗಿದರೆ ಸಾಕು, ಪ್ಲೇಟಿನ ಕಡೆ ಅದೇ ಅಲುಗಾಟ ಹತ್ತಾರು ಪಟ್ಟು ದೊಡ್ಡದಾಗಿ ಕಾಣುತ್ತದೆ. ತಂತಿಯ ಕಂಪನ ಹಿಡಿಯುವ ಗಿಟಾರಿನ ಪಿಕಪ್ ಕೊಡುವುದು ವೋಲ್ಟಿನ ಒಂದು ಸಣ್ಣ ಪಾಲು. ಅದು ಇಂಥ ಮೂರು ನಾಲ್ಕು ಹಂತ ಏರಿ, ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಸ್ಪೀಕರ್ ತಳ್ಳುವ ಶಕ್ತಿ ಪಡೆಯುತ್ತದೆ. ಜಾಲರಿಗೆ ತಡೆಯಲಾರದಷ್ಟು ಸಿಗ್ನಲ್ ಕೊಟ್ಟಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಅದೇ ಒಡೆಯುವುದು. ಸಾಧಾರಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಆ ನೆತ್ತಿ ಕತ್ತಿಯಿಂದ ಕತ್ತರಿಸಿದ ಹಾಗೆ ಚಪ್ಪಟೆ. ವಾಲ್ವಿನಲ್ಲಿ ಅಂಚು ಬಾಗುತ್ತಾ ಹೋಗುತ್ತದೆ, ಮೇಲಿನ ಅರ್ಧ ಒಂದು ರೀತಿ, ಕೆಳಗಿನ ಅರ್ಧ ಇನ್ನೊಂದು ರೀತಿ. ಕಿವಿಗೆ ಅದು ಕರಕರ ಅನಿಸದೆ ದಪ್ಪ ದನಿ ಅನಿಸುತ್ತದೆ.

ಈ ವಾಲ್ವ್ ನಮಗೆ ದೂರದ ವಸ್ತುವೇನಲ್ಲ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಾಯಲ್ಲಿ ಬಿಇಎಲ್, 1961ರಲ್ಲಿ ರೇಡಿಯೊಗೆ ಬೇಕಾದ ರಿಸೀವಿಂಗ್ ವಾಲ್ವ್ ತಯಾರಿಸಲು ಶುರು ಮಾಡಿತು. ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳು, 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರ್. ಜಾಲಹಳ್ಳಿಯಲ್ಲಿ ತಯಾರಾದವುಗಳಲ್ಲಿ ಇಎಲ್84 ಎಂಬ ಪುಟ್ಟ ಪವರ್ ವಾಲ್ವ್ ಕೂಡ ಇತ್ತು. ಇಂಗ್ಲೆಂಡಿನ ವಾಕ್ಸ್ ಎಸಿ30 ಆಂಪ್ಲಿಫೈಯರಿನ ಹೊಳೆಯುವ ದನಿಗೆ ಕಾರಣವಾದ ನಾಲ್ಕು ವಾಲ್ವುಗಳು ಇದೇ ಜಾತಿಯವು. ಆ ಎಸಿ30 ನುಡಿಸಿದ ಬೀಟಲ್ಸ್ ದನಿಗೆ ಬೇಕಾದ ಮಾದರಿಯ ವಾಲ್ವ್ ಇಲ್ಲಿ ರೇಡಿಯೊದೊಳಗೆ ಕೂತು ವಾರ್ತೆ ಓದಿಸುತ್ತಿತ್ತು ಅಂದರೆ ತಪ್ಪಾಗಲಾರದು.

ಈಗ ಒಳಗಿನ ಟ್ಯೂನಿಂಗ್. ಗಿಟಾರ್ ಆಂಪ್ಲಿಫೈಯರಿನ ಸರ್ಕ್ಯೂಟ್‌ಗಳು ಗುಟ್ಟಿನವಲ್ಲ. ಹೆಚ್ಚಿನವು ಅಮೆರಿಕದ ಫೆಂಡರ್ ಕಂಪನಿ 1950ರ ದಶಕದಲ್ಲಿ ಮಾಡಿದ ನಾಲ್ಕಾರು ನಕ್ಷೆಗಳ ಮಕ್ಕಳು, ಮೊಮ್ಮಕ್ಕಳು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಎಂಬ ಇಬ್ಬರು ಫೆಂಡರ್ ಬಾಸ್‌ಮನ್ ಸರ್ಕ್ಯೂಟನ್ನು ಎದುರಿಗಿಟ್ಟುಕೊಂಡು ಜೆಟಿಎಂ45 ಕಟ್ಟಿದರು. ನಕ್ಷೆ ಹೆಚ್ಚು ಕಡಿಮೆ ಅದೇ. ಆದರೆ ಲಂಡನ್ನಿನಲ್ಲಿ ಸುಲಭಕ್ಕೆ ಸಿಕ್ಕ ಸಾಮಾನು ಬೇರೆ. ಮೊದಲ ವಾಲ್ವಿನ ಜಾಗದಲ್ಲಿ ಫೆಂಡರ್ ಇಟ್ಟಿದ್ದ ಮಂದ ವಾಲ್ವಿನ ಬದಲು ಅದರ ಎರಡು ಪಟ್ಟಿಗೂ ಹೆಚ್ಚು ವರ್ಧಿಸುವ ಇಸಿಸಿ83 ಬಂತು. ಟ್ರಾನ್ಸ್‌ಫಾರ್ಮರ್ ಬದಲಾಯಿತು, ಹಿಂದೆ ತೆರೆದಿದ್ದ ಸ್ಪೀಕರ್ ಪೆಟ್ಟಿಗೆ ಮುಚ್ಚಿಹೋಯಿತು. ಬೇಕೆಂದೋ ಅನಿವಾರ್ಯಕ್ಕೋ ಮಾಡಿದ ಈ ಬದಲಾವಣೆಗಳಿಂದ ಹುಟ್ಟಿದ ದನಿಯ ಮೇಲೆ ಆಮೇಲೆ ಹಾರ್ಡ್ ರಾಕ್ ಅನ್ನುವ ಸಂಗೀತವೇ ನಿಂತಿತು.

ಒಂದು ಹಂತವನ್ನೇ ತೆಗೆದುಕೊಳ್ಳಿ. ವಾಲ್ವಿನ ಪ್ಲೇಟಿಗೆ 100 ಕಿಲೋ ಓಮ್ ರೆಸಿಸ್ಟರ್, ಕ್ಯಾಥೋಡಿಗೆ 1.5 ಕಿಲೋ ಓಮ್, ಅದರ ಪಕ್ಕ 25 ಮೈಕ್ರೋಫ್ಯಾರಡ್ ಕೆಪಾಸಿಟರ್. ಇದು ಫೆಂಡರ್ ರೂಢಿ. ಆ 25ರ ಜಾಗಕ್ಕೆ 0.68 ಹಾಕಿದರೆ ಕೆಳಗಿನ ಸ್ವರಗಳು ಅಷ್ಟಾಗಿ ಏರುವುದಿಲ್ಲ. ಮುಂದಿನ ಹಂತದಲ್ಲಿ ದನಿ ಒಡೆದಾಗ ಮಂದ್ರದ ಗೊಜ್ಜು ಆಗದೆ ಬಿಗಿಯಾಗಿ ಬರುತ್ತದೆ. ಐದು ರೂಪಾಯಿಯ ಸಾಮಾನಿನ ಕೆಲಸ ಇದು. ಟ್ರೆಬಲ್ ಹಾದಿಯಲ್ಲಿರುವ 250 ಪಿಕೋಫ್ಯಾರಡ್ ಕೆಪಾಸಿಟರನ್ನು 500 ಮಾಡಿದರೆ ನಡುದನಿ ಮುಂದೆ ಬರುತ್ತದೆ. ಔಟ್‌ಪುಟ್ಟಿನಿಂದ ಹಿಂದಕ್ಕೆ ತರುವ ಫೀಡ್‌ಬ್ಯಾಕ್ ಕಡಿಮೆ ಮಾಡಿದರೆ ಪವರ್ ವಾಲ್ವುಗಳ ಲಗಾಮು ಸಡಿಲ. ಹೆಚ್ಚು ಮಾಡಿದರೆ ದನಿ ಶಿಸ್ತಿನದು, ಆದರೆ ಒಡೆಯುವ ಗಳಿಗೆಯಲ್ಲಿ ತಟ್ಟನೆ ಮುಖ ಬದಲಿಸುತ್ತದೆ. ಪವರ್ ವಾಲ್ವುಗಳು ಸುಮ್ಮನಿರುವಾಗ ಎಷ್ಟು ಕರೆಂಟ್ ಎಳೆಯಬೇಕು ಎಂದು ಇಡುವುದು ಬಯಾಸ್. ಕಡಿಮೆಯಾದರೆ ದನಿ ತೆಳ್ಳಗೆ, ಒಣಕಲು. ಹೆಚ್ಚಾದರೆ ಪ್ಲೇಟ್ ಕೆಂಪೇರಿ ವಾಲ್ವ್ ಸುಡುತ್ತದೆ. ಎಸಿಯನ್ನು ಡಿಸಿ ಮಾಡುವ ಜಾಗದಲ್ಲಿ ಡಯೋಡ್ ಬದಲು ವಾಲ್ವ್ ಇದ್ದರೆ, ತಂತಿಗೆ ಜೋರಾಗಿ ಹೊಡೆದಾಗ ವೋಲ್ಟೇಜ್ ಒಂದು ಕ್ಷಣ ಕುಸಿದು ಏಳುತ್ತದೆ. ನುಡಿಸುವವನ ಬೆರಳಿಗೆ ಅದು ತಂತಿಯೇ ಸ್ವಲ್ಪ ಬಗ್ಗಿಕೊಟ್ಟ ಹಾಗೆ ಅನಿಸುತ್ತದೆ. ಇವುಗಳಲ್ಲಿ ಯಾವುದೂ ಇನ್ನೊಂದನ್ನು ಬಿಟ್ಟು ಇರುವುದಿಲ್ಲ. ಒಂದನ್ನು ಮುಟ್ಟಿದರೆ ಉಳಿದ ನಾಲ್ಕನ್ನು ಮತ್ತೆ ನೋಡಬೇಕು. ಟ್ಯೂನಿಂಗ್ ದುಬಾರಿ ಆಗುವುದು ಇಲ್ಲಿ, ಅದಕ್ಕೆ ಹಿಡಿಯುವ ಹೊತ್ತಿನಿಂದ ಮತ್ತು ಅದನ್ನು ಕೇಳುವ ಕಿವಿಯಿಂದ.

ಡಂಬಲ್ ಮಾಡುತ್ತಿದ್ದುದು ಇದನ್ನೇ. ಆದರೆ ಒಬ್ಬೊಬ್ಬ ವಾದಕನಿಗೆ ಒಂದೊಂದು ರೀತಿ. ಅವನ ಹೆಸರುವಾಸಿ ಮಾದರಿ ಓವರ್‌ಡ್ರೈವ್ ಸ್ಪೆಷಲ್. ಮೊದಲ ಎರಡು ಹಂತ ಫೆಂಡರ್ ಮನೆತನದ ತಿಳಿದನಿ. ಕಾಲಿನ ಸ್ವಿಚ್ ಒತ್ತಿದರೆ ಆ ತಿಳಿದನಿಯೇ ಇನ್ನೆರಡು ಹಂತಗಳೊಳಗೆ ಹಾದು ಒಡೆಯುತ್ತದೆ. ಎರಡಕ್ಕೂ ನಡುವೆ, ಪೆಟ್ಟಿಗೆಯ ಒಳಗೆ, ಸ್ಕ್ರೂಡ್ರೈವರಿನಿಂದ ಮಾತ್ರ ತಿರುಗುವ ಒಂದು ಪುಟ್ಟ ಟ್ರಿಮ್ಮರ್. ಒಡೆಯುವ ಹಂತಕ್ಕೆ ಎಷ್ಟು ಸಿಗ್ನಲ್ ಹೋಗಬೇಕು ಎಂದು ತೀರ್ಮಾನಿಸುವುದು ಅದು. ಮುಂದಿನ ಕೆಲವು ಪೆಟ್ಟಿಗೆಗಳಲ್ಲಿ ಒಡೆದ ದನಿಗೆಂದೇ ಎರಡನೆಯ ಬಾಸ್-ಮಿಡಲ್-ಟ್ರೆಬಲ್ ಜಾಲವೊಂದನ್ನು ಒಳಗೇ ಅಡಗಿಸಿ, ಅದಕ್ಕೂ ಟ್ರಿಮ್ಮರ್‌ಗಳನ್ನಿಟ್ಟ. 'ಹಾಟ್ ರಬ್ಬರ್ ಮಂಕಿ' ಎಂಬ ತಮಾಷೆಯ ಹೆಸರು ಅದಕ್ಕೆ. ಹೊರಗಿನ ಗುಂಡಿಗಳು ವಾದಕನವು, ಒಳಗಿನವು ಡಂಬಲ್‌ನವು. ವಾದಕನನ್ನು ಎದುರು ಕೂರಿಸಿಕೊಂಡು, ಅವನು ತಂತಿಯನ್ನು ಬೆರಳಿನಿಂದ ಮೀಟುತ್ತಾನೋ ಪಿಕ್ ಹಿಡಿದು ಹೊಡೆಯುತ್ತಾನೋ, ಎಷ್ಟು ಒತ್ತುತ್ತಾನೆ, ಯಾವ ಗಿಟಾರ್ ಹಿಡಿಯುತ್ತಾನೆ ಎಂದು ನೋಡಿ ಬೆಲೆ ಕಟ್ಟುತ್ತಿದ್ದುದು ಬಿಡಿಭಾಗಗಳಿಗೆ ಅಲ್ಲ, ಆ ಕೈಗೆ. ಫೋರ್ಡ್ ಫೆಂಡರ್ ಬಾಸ್‌ಮನ್‌ನಲ್ಲಿ ನುಡಿಸಿದ್ದನ್ನು ಕೇಳಿಯೇ ಓವರ್‌ಡ್ರೈವ್ ಸ್ಪೆಷಲ್ಲಿನ ಕಲ್ಪನೆ ಬಂತು ಎಂದು ಡಂಬಲ್ ತನಗೆ ಹೇಳಿದ್ದಾಗಿ ಫೋರ್ಡ್ ಹೇಳಿಕೊಂಡಿದ್ದಾನೆ. 1983ರಲ್ಲಿ ಅವನಿಗೆ ಸಿಕ್ಕ ಡಂಬಲ್ ಆಮೇಲೆ ದಶಕಗಳ ಕಾಲ ಅವನ ಜತೆಗೇ ಓಡಾಡಿತು.

ದೇಶದ ಇನ್ನೊಂದು ತುದಿಯಲ್ಲಿ, ನ್ಯೂಜೆರ್ಸಿಯಲ್ಲಿ, ಕೆನ್ ಫಿಶರ್ ಇದ್ದ. ಆಂಪೆಗ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು. ಟ್ರೇನ್‌ರೆಕ್ ಎಂಬ ಹೆಸರಿನಲ್ಲಿ ಕಟ್ಟಿದ್ದು ನೂರರ ಆಸುಪಾಸು. ಸೀರಿಯಲ್ ನಂಬರ್ ಬದಲು ಪ್ರತಿ ಪೆಟ್ಟಿಗೆಗೂ ಒಬ್ಬ ಹೆಂಗಸಿನ ಹೆಸರು, ಮೊದಲನೆಯದು ಜಿಂಜರ್. ಅವನ ಎಕ್ಸ್‌ಪ್ರೆಸ್ ಮಾದರಿಯಲ್ಲಿ ಚಾನೆಲ್ ಬದಲಿಸುವ ಸ್ವಿಚ್ಚೇ ಇಲ್ಲ. ದನಿ ತಿಳಿಯಾಗಬೇಕೋ ಒಡೆಯಬೇಕೋ ಎನ್ನುವುದನ್ನು ಗಿಟಾರಿನ ಮೇಲಿನ ವಾಲ್ಯೂಮ್ ಗುಂಡಿಯಲ್ಲೇ ಹೇಳಬೇಕು. ವೈರ್ ಹಾದುಹೋಗುವ ಜಾಗವೂ ಫಿಶರ್‌ಗೆ ಟ್ಯೂನಿಂಗಿನ ಭಾಗ. ಇಷ್ಟು ವರ್ಧಿಸುವ ಸರ್ಕ್ಯೂಟಿನಲ್ಲಿ ಒಂದು ವೈರ್ ಇನ್ನೊಂದರ ಹತ್ತಿರ ಬಂದರೆ ಸಿಗ್ನಲ್ ಗಾಳಿಯಲ್ಲೇ ದಾಟಿಕೊಳ್ಳುತ್ತದೆ, ಹದ ತಪ್ಪಿದರೆ ಪೆಟ್ಟಿಗೆ ತಾನಾಗಿ ಸಿಳ್ಳೆ ಹೊಡೆಯುತ್ತದೆ. ಸಿಳ್ಳೆಯ ಅಂಚಿನವರೆಗೆ ಒಯ್ದು ಅಲ್ಲಿ ನಿಲ್ಲಿಸುವುದು ಅವನ ಕಸುಬು. 2006ರಲ್ಲಿ ತೀರಿಕೊಂಡ. ಅವನ ಪೆಟ್ಟಿಗೆಗಳೂ ಈಗ ಹತ್ತಾರು ಸಾವಿರ ಡಾಲರಿನವು.

ಡಂಬಲ್ ತನ್ನ ಸರ್ಕ್ಯೂಟ್ ಬೋರ್ಡಿನ ಮೇಲೆ ಗಟ್ಟಿಯಾಗುವ ಎಪಾಕ್ಸಿ ಅಂಟು ಸುರಿದು ಬಿಡಿಭಾಗಗಳನ್ನು ಮುಚ್ಚಿಬಿಡುತ್ತಿದ್ದ. ನಕಲು ಮಾಡಬಾರದು ಎಂದು. ಹಾಗಾಗಿ ಕೊಳ್ಳುವವನಿಗೆ ಒಳಗೆ ಏನಿದೆ ಕಾಣುವುದಿಲ್ಲ. ನಮ್ಮ ಕಡೆಯ ಜನಕ್ಕೆ ಒಳಗು ಕಾಣದ ಮಾಲು ಕೊಳ್ಳುವುದು ಹೊಸದಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಒಂದು ಹಿಡಿ ಗೂಡು ಎತ್ತಿ, ಒತ್ತಿ ನೋಡಿ, ಕಿವಿಯ ಹತ್ತಿರ ಅಲುಗಿಸಿ, ಹುಳ ಒಳಗೆ ಹೇಗಿದೆ, ನೂಲು ಎಷ್ಟು ಬಿಚ್ಚಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಲಾಟಿಗೆ ಬೆಲೆ ಕೂಗುತ್ತಾನೆ. ಈಗ ಇ-ಹರಾಜು ಬಂದು ಕೂಗುವ ಬದಲು ಮೊಬೈಲಿನಲ್ಲಿ ಒತ್ತುತ್ತಾರೆ, ಅಂದಾಜು ಮಾತ್ರ ಕೈಯಲ್ಲೇ. ಆದರೆ ಗೂಡಿಗೆ ರೆಂಡಿಟ್ಟ ಇದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಹೋಯಿತು ಎನ್ನುವ ಲೆಕ್ಕ ಅದು. ರೀಲರ್ ಅಂದಾಜು ತಪ್ಪಿದ್ದರೆ ಬಿಸಿನೀರಿನ ಬಾಣಲೆಯಲ್ಲಿ ಗೂಡು ಬಿಚ್ಚಿದ ದಿನವೇ ಗೊತ್ತಾಗುತ್ತದೆ, ಮುಂದಿನ ಹರಾಜಿನಲ್ಲಿ ಕೈ ಬಿಗಿಯಾಗುತ್ತದೆ. ಗಿಟಾರ್ ಆಂಪ್ಲಿಫೈಯರಿಗೆ ಅಂಥ ರೆಂಡಿಟ್ಟ ಇಲ್ಲ. ಬೆಲೆಯನ್ನು ಕೆಳಕ್ಕೆ ಎಳೆಯುವ ಲೆಕ್ಕವೇ ಇಲ್ಲದ ಪೇಟೆಯಲ್ಲಿ ಬೆಲೆ ಏರುತ್ತಲೇ ಹೋಗುವುದು ಸಹಜ.

ಸಂಗ್ರಾಹಕರು ನೋಡುವುದು ಏನನ್ನು? ಯಾರು ಕಟ್ಟಿದ್ದು, ಯಾವ ವರ್ಷ, ಯಾರಿಗಾಗಿ, ಆಮೇಲೆ ಯಾರ ಕೈಯಲ್ಲಿತ್ತು. ಹೆಸರಾಂತ ರೆಕಾರ್ಡಿನಲ್ಲಿ ನುಡಿದ ಪೆಟ್ಟಿಗೆ, ಅದಕ್ಕೆ ಫೋಟೊ ಅಥವಾ ಪತ್ರದ ಸಾಕ್ಷಿ ಇದ್ದರೆ, ಅದೇ ಮಾದರಿಯ ಇನ್ನೊಂದಕ್ಕಿಂತ ಎಷ್ಟೋ ಪಟ್ಟು. ಕೊನೆಗೆ ಒರಿಜಿನಲ್ ಸಾಮಾನು. ಟ್ರಾನ್ಸ್‌ಫಾರ್ಮರ್ ಬದಲಾಗಿದೆಯೋ, ಬೆಸುಗೆ ಮುಟ್ಟಿದ್ದಾರೋ, ಅಂಟು ಕೆರೆದಿದ್ದಾರೋ. ಇಲ್ಲೊಂದು ತಮಾಷೆ ಇದೆ. ವಿದ್ಯುತ್ತನ್ನು ಸೋಸುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಇಪ್ಪತ್ತು ಮೂವತ್ತು ವರ್ಷದಲ್ಲಿ ಒಣಗುತ್ತವೆ. ಬದಲಿಸದಿದ್ದರೆ ಗುಂಯ್ ಸದ್ದು, ಕೊನೆಗೆ ಶಾರ್ಟ್. ಬದಲಿಸಿದರೆ 'ಮುಟ್ಟದ ಪೆಟ್ಟಿಗೆ' ಎನ್ನುವ ಪಟ್ಟ ಹೋಯಿತು. ಹೀಗಾಗಿ ನುಡಿಸಲು ಯೋಗ್ಯವಾದ ಪೆಟ್ಟಿಗೆಗಿಂತ ನುಡಿಸಲಾರದ ಪೆಟ್ಟಿಗೆಗೆ ಬೆಲೆ ಹೆಚ್ಚಾಗುವ ಸಂದರ್ಭಗಳುಂಟು. ಇದು ಸಂಗೀತದ ಪೇಟೆಯ ಲಕ್ಷಣವಲ್ಲ.

ನನ್ನ ತಕರಾರು ಇನ್ನೂ ಒಂದು ಹೆಜ್ಜೆ ಮುಂದಿನದು. ಡಂಬಲ್‌ನ ಇಡೀ ವಿದ್ಯೆ ಒಬ್ಬನ ಕೈಗೆ ಪೆಟ್ಟಿಗೆಯನ್ನು ಹೊಂದಿಸುವುದು. ಆ ಒಬ್ಬನಿಂದ ಅದು ಇನ್ನೊಬ್ಬನಿಗೆ ಹೋದ ಕ್ಷಣ ಒಳಗಿನ ಟ್ರಿಮ್ಮರುಗಳೆಲ್ಲ ಬೇರೆ ಯಾರದೋ ಬೆರಳಿನ ಒತ್ತಡಕ್ಕೆ ನಿಂತಿವೆ. ಹೊಸ ಯಜಮಾನ ಅದನ್ನು ತಿರುಗಿಸಬಹುದು. ತಿರುಗಿಸಿದರೆ ಡಂಬಲ್ ಇಟ್ಟ ಸೆಟ್ಟಿಂಗ್ ಹೋಯಿತು, ಬೆಲೆಯೂ ಹೋಯಿತು. ತಿರುಗಿಸದಿದ್ದರೆ ಅವನು ಕೊಂಡದ್ದು ಬೇರೆಯವರ ದನಿ. ಡಂಬಲ್ ಬದುಕಿದ್ದಾಗ ಕೆಲವರು ಪೆಟ್ಟಿಗೆಯನ್ನು ಅವನ ಬಳಿಗೇ ಒಯ್ದು ಮತ್ತೆ ಹೊಂದಿಸಿಕೊಳ್ಳುತ್ತಿದ್ದರು. 2022ರ ನಂತರ ಆ ದಾರಿ ಮುಚ್ಚಿತು. ಅಂದರೆ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಲಕ್ಷ ಡಾಲರ್ ಕೊಡುವವನಿಗೆ ಟ್ಯೂನಿಂಗ್ ಸಿಗುವುದಿಲ್ಲ, ಟ್ಯೂನಿಂಗಿನ ನೆನಪು ಸಿಗುತ್ತದೆ.

ಅಂಟು ಕೊನೆಗೂ ಗುಟ್ಟು ಕಾಯಲಿಲ್ಲ. ರಿಪೇರಿಗೆ ಬಂದ ಪೆಟ್ಟಿಗೆಗಳ ಅಂಟು ಕೆರೆದು ಮೆಕ್ಯಾನಿಕ್‌ಗಳು ನಕ್ಷೆ ಬರೆದುಕೊಂಡರು. ಟೂ-ರಾಕ್, ಫ್ಯೂಕ್ಸ್ ಮೊದಲಾದ ಅಮೆರಿಕದ ಕಂಪನಿಗಳು ಅದೇ ಹಾದಿಯ ಆಂಪ್ಲಿಫೈಯರ್ ಮಾಡುತ್ತಿವೆ, ಮಲೇಶಿಯಾದ ಸೆರಿಯಾಟೋನ್ ಇನ್ನೂ ಅಗ್ಗಕ್ಕೆ ಕಟ್ಟಿಕೊಡುತ್ತದೆ. ಸಭೆಯಲ್ಲಿ ಕೂತು ಕೇಳುವ ನಮ್ಮಂಥವರಿಗೆ ಅಸಲು ಯಾವುದು, ನಕಲು ಯಾವುದು ಎಂದು ಹೇಳಲಾಗುತ್ತದೆ ಎಂದು ನನಗನಿಸುವುದಿಲ್ಲ. ವಾದಕನ ಬೆರಳಿಗೆ ಗೊತ್ತಾಗಬಹುದು. ಅಸಲಿನ ಬೆಲೆ ಮಾತ್ರ ಇದರಿಂದ ಒಂದು ಕಾಸೂ ಇಳಿದಿಲ್ಲ.

ಯಾರಾದರೂ ಧಾರಾಳಿ ಇಂಥದ್ದನ್ನು ಜಂಗಮಕೋಟೆಗೇ ತಂದರು ಅನ್ನಿ. ಸ್ವಿಚ್ ಬೋರ್ಡಿಗೆ ನೇರ ಚುಚ್ಚಿದರೆ ಕಥೆ ಅಲ್ಲಿಗೆ ಮುಗಿಯಿತು. ಅಮೆರಿಕದ ಪೆಟ್ಟಿಗೆ 120 ವೋಲ್ಟಿನದು, ನಮ್ಮದು 230. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಅಲ್ಲಿ 60 ಹರ್ಟ್ಸ್, ಇಲ್ಲಿ 50. 60ಕ್ಕೆ ಲೆಕ್ಕ ಹಾಕಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗುತ್ತದೆ. ಇನ್ನು ಸಂಜೆ ಹೊತ್ತಿನ ಲೋ ವೋಲ್ಟೇಜ್. ನಾವು ಬೈಯುವ ಆ ಲೋ ವೋಲ್ಟೇಜನ್ನು ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ದುಡ್ಡು ಕೊಟ್ಟು ತರಿಸಿಕೊಂಡಿದ್ದ. ವೇರಿಯಾಕ್ ಎಂಬ ಸಾಧನದಿಂದ ತನ್ನ ಮಾರ್ಷಲ್ ಆಂಪ್ಲಿಫೈಯರಿಗೆ ಹೋಗುವ ವೋಲ್ಟೇಜನ್ನು 90ರ ಆಸುಪಾಸಿಗೆ ಇಳಿಸಿ, ಕಡಿಮೆ ವಾಲ್ಯೂಮಿನಲ್ಲೇ ದನಿ ಒಡೆಯುವಂತೆ ಮಾಡಿಕೊಂಡ. 1978ರ ಅವನ ಬ್ಯಾಂಡಿನ ಮೊದಲ ಆಲ್ಬಮ್ಮಿನ ದನಿಗೆ 'ಬ್ರೌನ್ ಸೌಂಡ್' ಎಂಬ ಹೆಸರೇ ಬಿತ್ತು.

ನಮ್ಮ ಜಾತ್ರೆಯ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಒಂದು ಪ್ರೊಸೆಸರಿನ ಮೂಲಕ ನೇರ ಮಿಕ್ಸರಿಗೆ ಹೋಗುತ್ತದೆ. ಡಂಬಲ್ ಬೇಕೆಂದರೆ ಆ ಪ್ರೊಸೆಸರಿನಲ್ಲೇ ಅದರ ನಕಲು ಒಂದು ನಂಬರಿಗೆ ಕೂತಿರುತ್ತದೆ. ನಾನು ಅದನ್ನು ಕೀಳು ಎನ್ನುವುದಿಲ್ಲ. ವಾಲ್ವ್ ಪೆಟ್ಟಿಗೆ ಹೊತ್ತು ಮೆರವಣಿಗೆಯ ಲಾರಿ ಹತ್ತಿಸುವವರ ಸೊಂಟ ಎಷ್ಟು ದಿನ ತಡೆದೀತು?

ಹಾಗೆಂದು ಹಳೆಯ ವಾಲ್ವುಗಳಿಗೆ ಗಿರಾಕಿ ಇಲ್ಲ ಎಂದಲ್ಲ. ಇವತ್ತು ಗಿಟಾರ್ ಆಂಪ್ಲಿಫೈಯರ್ ವಾಲ್ವುಗಳು ಮುಖ್ಯವಾಗಿ ಬರುವುದು ರಷ್ಯಾ, ಚೀನಾ, ಸ್ಲೊವಾಕಿಯಾಗಳಿಂದ. 2022ರ ಮಾರ್ಚಿನಲ್ಲಿ ರಷ್ಯಾ ರಫ್ತು ತಡೆಹಿಡಿದಾಗ ಪೇಟೆಯಲ್ಲಿ ಗಾಬರಿ ಎದ್ದು ಬೆಲೆ ಜಿಗಿಯಿತು. ಅಂಥ ಹೊತ್ತಿನಲ್ಲಿ ಹಳೆಯ ದಾಸ್ತಾನಿಗೆ ಮಾನ ಹೆಚ್ಚು. ಜಾಲಹಳ್ಳಿಯ ಬಿಇಎಲ್ ಮುದ್ರೆಯ, ಡಬ್ಬಿ ಬಿಚ್ಚದ ಇಎಲ್84ಗಳು ಈಗ ಹೊರದೇಶದ ಗಿಟಾರ್ ವಾದಕರ ಕೈ ಸೇರುತ್ತಿವೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳ ಹಿಂಬದಿಯಲ್ಲೋ, ಹಳ್ಳಿಯ ರೇಡಿಯೊ ರಿಪೇರಿಯವರ ಟ್ರಂಕಿನಲ್ಲೋ ಇನ್ನೂ ಒಂದಿಷ್ಟು ಉಳಿದಿರಬಹುದು. ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕುವ ಮೊದಲು ಗಾಜಿನ ಮೇಲಿನ ಅಕ್ಷರ ಓದಿ. ಒರೆಸಬೇಡಿ, ಆ ಅಕ್ಷರ ಬೆರಳು ತಾಕಿದರೂ ಅಳಿಸಿಹೋಗುತ್ತದೆ, ಅಳಿಸಿದ ಮೇಲೆ ಬೆಲೆಯೂ ಇಲ್ಲ.

ಅಟ್ಟದ ಮೇಲೆ ತಾತನ ಕಾಲದ ವಾಲ್ವ್ ಮೈಕ್‌ಸೆಟ್ ಆಂಪ್ಲಿಫೈಯರೇ ಸಿಕ್ಕಿದರೆ, ನೋಡೋಣ ಎಂದು ಸ್ವಿಚ್ ಹಾಕಬೇಡಿ. ಒಣಗಿದ ಕೆಪಾಸಿಟರ್ ಸಿಡಿದೀತು, ಜತೆಗೆ ಟ್ರಾನ್ಸ್‌ಫಾರ್ಮರನ್ನೂ ಸುಟ್ಟೀತು. ಒಳಗಿನ ವೋಲ್ಟೇಜ್ ಮುನ್ನೂರು ನಾನ್ನೂರು ದಾಟಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರ್ ಓಡಿಸುವಂತೆಯೂ ಇಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ. ವಾಲ್ವ್ ಬಲ್ಲ ಹಳೆಯ ಮೆಕ್ಯಾನಿಕ್ ಇದ್ದರೆ ಅವರ ಬಳಿ ಒಯ್ಯಿರಿ. ಅವರು ಸೀರೀಸ್ ಬಲ್ಬ್ ಹಾಕಿ ನಿಧಾನಕ್ಕೆ ಎಬ್ಬಿಸುತ್ತಾರೆ. ಅವರು ಕಿತ್ತು ಹಾಕಿದ ಹಳೆಯ ಕೆಪಾಸಿಟರ್, ರೆಸಿಸ್ಟರುಗಳನ್ನು ಮಾತ್ರ ಒಂದು ಕವರಿನಲ್ಲಿ ಕಟ್ಟಿ ಪೆಟ್ಟಿಗೆಯೊಳಗೇ ಇಡಿಸಿಕೊಳ್ಳಿ. ಮುಂದೆ ಕೊಳ್ಳಲು ಬರುವವನು ಮೊದಲು ಕೇಳುವುದು ಅವನ್ನೇ.